ಬಿಂದುಶ್ರೀಯ ಬಿಟ್ಟಿ ಕ್ಯಾಲೆಂಡರ್

ನಾನು ಒಂದು ಕ್ಯಾಲೆಂಡರು. ಗೋಡೆಗೆ ಮೊಳೆ ಹೊಡೆದು ನೇತುಹಾಕುವ ಜಾತಿ ನನ್ನದಲ್ಲ, ನಾನಿರುವುದು ಫೋನಿನೊಳಗೆ. ನನಗೆ ಹಾಳೆಯಿಲ್ಲ, ದೇವರ ಪಟವಿಲ್ಲ, ಕೆಳಗಡೆ ಬೆಳ್ಳಿ ಅಂಗಡಿಯ ವಿಳಾಸವಿಲ್ಲ. ಹುಟ್ಟಿದ್ದು ಅರಸೀಕೆರೆಯಲ್ಲಿ, ಒಂದು ಬುಧವಾರ ಮಧ್ಯಾಹ್ನ, ಬಿಂದುಶ್ರೀ ಎಂಬ ಹುಡುಗಿಯ ಹೆಬ್ಬೆರಳಿನ ಅಡಿಯಲ್ಲಿ. ‘ಹೊಸ ಕ್ಯಾಲೆಂಡರ್ ಬೇಕೇ?’ ಎಂದು ಫೋನು ಕೇಳಿತು, ಅವಳು ಒತ್ತಿದಳು, ನಾನು ಹುಟ್ಟಿದೆ. ಅಷ್ಟೇ! ಕಣ್ಣು ಬಿಟ್ಟು ನೋಡಿದರೆ ನನ್ನೊಳಗೆ ಮುಂದಿನ ನೂರು ವರ್ಷದ ದಿನಗಳೆಲ್ಲ ಖಾಲಿ ಖಾಲಿಯಾಗಿ ಸಾಲುಗಟ್ಟಿ ನಿಂತಿವೆ. ಹುಟ್ಟಿದ ಗಳಿಗೆಯಲ್ಲೇ ಬೆಚ್ಚಿಬಿದ್ದೆ. ಅಯ್ಯಯ್ಯೋ, ಇಷ್ಟೊಂದು ದಿನ! ಇವನ್ನೆಲ್ಲ ಇಟ್ಟುಕೊಂಡು ಈ ಹುಡುಗಿ ಮಾಡುವುದಾದರೂ ಏನು?

ಅವಳಿಗೂ ಗೊತ್ತಿರಲಿಲ್ಲ. ಹದಿನೈದು ದಿನದ ಹಿಂದಷ್ಟೇ ಅವಳ ಬಿ.ಎಸ್ಸಿ. ಫಲಿತಾಂಶ ಬಂದಿತ್ತು. ಫಸ್ಟ್ ಕ್ಲಾಸ್. ಮೂರು ವರ್ಷ ಕಾಲೇಜಿನ ಗಂಟೆ ಅವಳನ್ನು ಓಡಿಸಿ, ಕೂರಿಸಿ, ಮನೆಗೆ ಕಳಿಸಿತ್ತು. ಈಗ ಗಂಟೆಯಿಲ್ಲ. ಸೋಮವಾರವೂ ಒಂದೇ, ಭಾನುವಾರವೂ ಒಂದೇ. ಬೀದಿಯಲ್ಲಿ ಸಿಕ್ಕವರದೆಲ್ಲ ಒಂದೇ ಪ್ರಶ್ನೆ, “ಮುಂದೇನಮ್ಮಾ?” ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ನನ್ನ ಹೆಸರಿನ ಜಾಗದಲ್ಲಿ ಅದನ್ನೇ ಬರೆದಳು: ‘ಮುಂದೇನು’. ಇಂಥ ಹೆಸರನ್ನು ಯಾರಾದರೂ ಮಗುವಿಗೆ ಇಡುತ್ತಾರೆಯೇ?

ನನ್ನ ಹಿಂದೆಯೇ ನನ್ನ ಬಂಧುಬಳಗವೂ ಆ ಫೋನಿಗೆ ಬಂದಿಳಿಯಿತು. ಎಲ್ಲವೂ ಬಿಟ್ಟಿ ಸಂತಾನವೇ. ಒಂದು ರೆಸ್ಯೂಮೆ ಬರೆದುಕೊಡುತ್ತಿತ್ತು, ಆದರೆ ಪ್ರತಿ ಹಾಳೆಯ ಬುಡದಲ್ಲಿ ತನ್ನ ಹೆಸರನ್ನೂ ಒತ್ತುತ್ತಿತ್ತು. ಇನ್ನೊಂದು ಫೋಟೋವನ್ನು ಹಿಂಡಿ ಹಿಂಡಿ ಐವತ್ತು ಕೆ.ಬಿ.ಗೆ ಇಳಿಸುತ್ತಿತ್ತು; ಹಿಂಡಿದ ಮೇಲೆ ಬಿಂದುಶ್ರೀಯ ಮುಖ ಅವಳ ಅಮ್ಮನಿಗೇ ಗುರುತು ಸಿಗುತ್ತಿರಲಿಲ್ಲ. ಅಂಕಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವುದು ಒಂದಿತ್ತು. ದಿನಕ್ಕೆ ಎರಡು ಸಲ ಜೋಡಿಸಿ, ಮೂರನೆಯದಕ್ಕೆ ನಾಳೆ ಬಾ ಎನ್ನುತ್ತಿತ್ತು. ಬೆಳಿಗ್ಗೆ ಇಪ್ಪತ್ತು ನಿಮಿಷ ಇಂಗ್ಲಿಷ್ ಮಾತಾಡಿಸಿ, ಇಪ್ಪತ್ತೊಂದನೆಯ ನಿಮಿಷಕ್ಕೆ ಬಾಯಿ ಮುಚ್ಚುವುದು ಮತ್ತೊಂದು. ಬಿಟ್ಟಿ ಎಂದ ಮೇಲೆ ಇಷ್ಟು ಬಿಗುಮಾನ ಯಾಕೆ ಎಂದು ನನಗೆ ಆಶ್ಚರ್ಯ. ನಾನು ಮಾತ್ರ ಹಾಗಲ್ಲ. ಎಷ್ಟು ಬರೆದರೂ ಬರೆಸಿಕೊಂಡೆ.

ಬರೆದಳು ನೋಡಿ, ಅಬ್ಬಬ್ಬಾ! ಎಲ್ಲ ನೀಲಿ ಬಣ್ಣದಲ್ಲಿ. ಏಳು ಗಂಟೆಗೆ ಇಂಗ್ಲಿಷು. ಒಂಬತ್ತಕ್ಕೆ ಅರ್ಜಿ ಹುಡುಕುವುದು. ಹನ್ನೊಂದಕ್ಕೆ ಹಳೆ ಪ್ರಶ್ನೆಪತ್ರಿಕೆ. ಕಾಲೇಜಿಗೆ ಹೋಗಿ ಟಿ.ಸಿ. ತರುವುದು, ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸುವುದು, ಬೆಂಗಳೂರಿನ ಔಷಧಿ ಕಂಪನಿಗೆ ಕೊನೇ ದಿನ, ಮೈಸೂರಿನ ಪ್ರಯೋಗಾಲಯಕ್ಕೆ ಕೊನೇ ದಿನ. ಕೊನೇ ದಿನ, ಕೊನೇ ದಿನ! ಆರಂಭವೇ ಕಾಣದ ಹುಡುಗಿಗೆ ಇಷ್ಟೊಂದು ಕೊನೇ ದಿನಗಳೇ ಎಂದು ನಾನು ದಂಗಾದೆ. ಮೂವತ್ತೆಂಟು ಕಡೆ ಅರ್ಜಿ ಹಾಕಿದಳು. ಮೂವತ್ತೇಳು ಕಡೆಯವರು ತುಟಿ ಬಿಚ್ಚಲಿಲ್ಲ.

ಆದರೂ ಅವಳು ನನ್ನನ್ನು ತೆರೆಯದ ದಿನವಿಲ್ಲ. “ಏನ್ಮಾಡ್ತಿದೀಯಾ ಈಗ?” ಎಂದು ನೆಂಟರು ಕೇಳಿದರೆ ಫೋನು ಚಾಚಿ ನನ್ನನ್ನೇ ತೋರಿಸುತ್ತಿದ್ದಳು. ತುಂಬಿದ ನೀಲಿ ಮನೆಗಳನ್ನು ನೋಡಿ ಅವರು ಸುಮ್ಮನಾಗುತ್ತಿದ್ದರು. ಆಗ ನನಗೆ ಹೆಮ್ಮೆ ಉಕ್ಕಿ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ನಾನಿಲ್ಲದಿದ್ದರೆ ಇವಳ ಗತಿಯೇನು ಎಂದುಕೊಂಡಿದ್ದೆ.

ಆಮೇಲೆ ನಾನು ಇನ್ನೊಂದು ಕೈಗೆ ಹೋದೆ. ಬಿಂದುವಿನ ಅಮ್ಮ ಕಮಲಾಕ್ಷಮ್ಮನ ಕೈಗೆ.

ಕಮಲಾಕ್ಷಮ್ಮ ಟೈಲರ್. ಗಂಡ ತೀರಿಕೊಂಡು ಆರು ವರ್ಷ. ಮಗಳನ್ನು ಓದಿಸಿದ್ದು ಮನೆಯ ಮುಂದಿನ ಕೋಣೆಯ ಹೊಲಿಗೆ ಮೆಷಿನ್ನು. ಕೈಕೆಲಸದಲ್ಲಿ ಎರಡು ಮಾತಿಲ್ಲ, ಮಾತಿನಲ್ಲಿ ಮಾತ್ರ ಮೂರು. ಶುಕ್ರವಾರ ಕೊಡುತ್ತೇನೆ ಎಂದ ಬ್ಲೌಸು ಸೋಮವಾರಕ್ಕೆ ಸಿಕ್ಕರೆ ಪುಣ್ಯ. “ಕರೆಂಟೇ ಇರ್ಲಿಲ್ಲ ಕಣಕ್ಕಾ.” “ಲೈನಿಂಗ್ ಬಣ್ಣ ಸಿಗ್ಲಿಲ್ಲ ಕಣಮ್ಮಾ, ಊರೆಲ್ಲಾ ಹುಡುಕ್ದೆ.” “ಸೂಜಿ ಮುರ್ದೋಯ್ತು ನೋಡಿ, ನಿಮ್ಮ ಬ್ಲೌಸ್ ಹೊಲಿಯುವಾಗ್ಲೇ!” ಕರೆಂಟಿನ ತಪ್ಪು, ಬಣ್ಣದ ತಪ್ಪು, ಸೂಜಿಯ ತಪ್ಪು. ತನ್ನ ತಪ್ಪು ಎಂದು ಆ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಬಟ್ಟೆಗೆ ಪಿನ್ನು ಹಾಕಿ ಚೀಟಿ ಸಿಕ್ಕಿಸಿಡುವುದು ಅವಳ ಪದ್ಧತಿ. ಮದುವೆಯ ಕಾಲದಲ್ಲಿ ಒಂದು ಸಲ ಎರಡು ಚೀಟಿ ಅದಲುಬದಲಾಗಿ, ಮದುಮಗಳ ಬ್ಲೌಸು ಅವಳ ಅತ್ತೆಯ ಚೀಲಕ್ಕೆ ಹೋಯಿತು. ಮುಹೂರ್ತದ ದಿನ ಬೆಳಿಗ್ಗೆ ಬಾಗಿಲಲ್ಲಿ ರಂಪವೋ ರಂಪ! ಅದನ್ನು ನೋಡಲಾರದೆ ಬಿಂದು ಅಮ್ಮನ ಫೋನಿಗೂ ನನ್ನನ್ನು ಹಾಕಿಕೊಟ್ಟಳು. ಆಗ ನಾನು ಎಂದಿನಂತೆ ಕೇಳಿದೆ, ‘ಇವರು ನೋಡಬಹುದೇ? ಬದಲಾಯಿಸಲೂಬಹುದೇ?’ ಬಿಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಅಮ್ಮ ತಾನೇ! ‘ಬದಲಾಯಿಸಬಹುದು’ ಎಂದು ಒತ್ತಿಬಿಟ್ಟಳು.

ಅಂದಿನಿಂದ ನನ್ನ ಮೈಮೇಲೆ ಕೆಂಪು. ಮಗಳದು ನೀಲಿ, ಅಮ್ಮನದು ಕೆಂಪು. ಟೈಪು ಮಾಡಲು ಬಾರದ ಕಮಲಾಕ್ಷಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗುತ್ತಿದ್ದಳು, “ಪೋಸ್ಟಾಫೀಸಿನ ಮೇಡಮ್ಮು, ಎರಡು ಬ್ಲೌಸು, ಒಂದಕ್ಕೆ ಲೈನಿಂಗು!” ನಾನು ಬರೆದುಕೊಳ್ಳುತ್ತಿದ್ದೆ. ಬಿಂದು ಇನ್ನೊಂದು ಜಾಣತನ ಮಾಡಿದಳು. ಗಿರಾಕಿಗಳ ಹೆಸರನ್ನೂ ನನ್ನೊಳಗೆ ಸೇರಿಸಿ, ತಾರೀಕು ಬದಲಾದರೆ ಅವರ ಫೋನಿಗೆ ತಾನಾಗಿಯೇ ಸುದ್ದಿ ಹೋಗುವಂತೆ ಮಾಡಿದಳು. “ನೋಡಮ್ಮ, ಇದನ್ನ ಹಿಂಗೆ ಒತ್ತಿ ಹಿಡ್ಕೊಂಡು ಎಳೆದು ಸೋಮವಾರಕ್ಕೆ ಬಿಡು. ಅವರಿಗೆ ತಿಳಿಸ್ಲಾ ಅಂತ ಕೇಳುತ್ತೆ. ಹೂಂ ಅನ್ನು. ಮುಗೀತು.”

ಕಮಲಾಕ್ಷಮ್ಮ ಎಳೆದಳು. ಸೋಮವಾರ ಸಂಜೆ ಗಿರಾಕಿ ನಗುನಗುತ್ತಾ ಬಂದು ಬ್ಲೌಸು ಒಯ್ದರು! ಬೈಗುಳವಿಲ್ಲ, ರಂಪವಿಲ್ಲ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, “ಅಲ್ಲಾ ಕಣೇ ಬಿಂದು, ಬೆರಳಲ್ಲಿ ಎಳೆದ್ರೆ ಜನಾನೇ ಸರೀತಾರಲ್ಲೇ!” ಎಂದಳು. ಆಮೇಲೆ ಎಳೆದದ್ದೇ ಎಳೆದದ್ದು. ಮಂಗಳವಾರ ಗುರುವಾರಕ್ಕೆ, ಗುರುವಾರ ಮುಂದಿನ ವಾರಕ್ಕೆ. ತಾರೀಕು ಎಂದರೆ ನಿಂತ ಕಡೆ ನಿಲ್ಲುವ ವಸ್ತು ಎಂದು ನಂಬಿದ್ದ ನನಗೆ ಅದನ್ನು ಅರಗಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಒಂದೊಂದು ಸಲ ಎಳೆದಾಗಲೂ ಬಿಂದುವಿನ ಫೋನಿನಲ್ಲೂ ಟಿಣ್ ಎನ್ನುತ್ತಿತ್ತು. ದಿನಕ್ಕೆ ಹತ್ತು ಸಲ ಟಿಣ್. “ಥೂ, ಯಾರದೋ ಬ್ಲೌಸಿನ ಸುದ್ದಿ ನನಗ್ಯಾಕೆ” ಎಂದು ಒಂದು ದಿನ ಅವಳು ಆ ಸದ್ದನ್ನೇ ಅಡಗಿಸಿದಳು. ಅಂದಿನಿಂದ ನನ್ನಲ್ಲಿ ಏನು ಬದಲಾದರೂ ನಾನು ಅವಳಿಗೆ ಮೂಗ.

ಹೀಗಿರುವಾಗ ಮೂವತ್ತೆಂಟನೆಯ ಅರ್ಜಿಗೆ ಉತ್ತರ ಬಂತು. ಹಾಸನದ ಹತ್ತಿರ ಒಂದು ಹಾಲಿನ ಕಾರ್ಖಾನೆ. ಅಲ್ಲಿನ ಲ್ಯಾಬಿನಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಇರುವುದು ಎರಡೇ ಹುದ್ದೆ. ಸರಿಯಾಗಿ ಎರಡು ವಾರ ಬಿಟ್ಟು ಬರುವ ಶುಕ್ರವಾರಕ್ಕೆ ಕರೆದಿದ್ದರು. ಆ ಶುಕ್ರವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಇಂಟರ್ವ್ಯೂ, ಮೂಲ ದಾಖಲೆಗಳೊಂದಿಗೆ. ಬಿಂದು ಮೇಲ್ ಓದಿ ಕಿರುಚಿದ್ದಕ್ಕೆ ಅಮ್ಮ ಮೆಷಿನ್ ತುಳಿಯುತ್ತಿದ್ದವಳು ಹೊಲಿಗೆ ಸೊಟ್ಟ ಮಾಡಿಕೊಂಡಳು. ಮನೆಯಿಂದ ದಿನಾ ಹೋಗಿಬರಬಹುದು, ಓದಿದ್ದಕ್ಕೆ ತಕ್ಕ ಕೆಲಸ, ‘ಮುಂದೇನು’ ಎನ್ನುವವರ ಬಾಯಿಗೆ ಬೀಗ. ಬಿಂದು ನನ್ನನ್ನು ತೆರೆದು ಆ ಶುಕ್ರವಾರದ ಹತ್ತೂ ಮುಕ್ಕಾಲಿನ ಮೇಲೆ ಎಲ್ಲಕ್ಕಿಂತ ಗಾಢವಾದ ನೀಲಿಯಲ್ಲಿ ಬರೆದಳು. ಮೂರು ಗಂಟೆ ಮೊದಲು ಎಬ್ಬಿಸು ಎಂದು ನನಗೆ ಅಪ್ಪಣೆಯನ್ನೂ ಕೊಟ್ಟಳು. ನಂತರ ಆ ಮೇಲ್ ಕಡೆ ತಿರುಗಿಯೂ ನೋಡಲಿಲ್ಲ. ನಾನಿದ್ದೆನಲ್ಲ!

ಇಂಟರ್ವ್ಯೂ ಇದ್ದ ವಾರದ ಮಂಗಳವಾರ ಮಧ್ಯಾಹ್ನ. ಬಿಂದು ದಾಖಲೆಗಳ ಜೆರಾಕ್ಸ್ ಮಾಡಿಸಲು ಪೇಟೆಗೆ ಹೋಗಿದ್ದಳು. ಕಮಲಾಕ್ಷಮ್ಮ ಕೆಂಪು ಮನೆಗಳನ್ನು ನೋಡುತ್ತಾ ನೋಡುತ್ತಾ ಶುಕ್ರವಾರಕ್ಕೆ ಬಂದಳು. ಮಗಳ ನೀಲಿಯ ಮೇಲೆ ಅವಳ ಕಣ್ಣು ನಿಂತಿತು. ತಲೆಯೆತ್ತಿ ಗೋಡೆಯ ಮೇಲಿದ್ದ ನನ್ನ ಕಾಗದದ ಅಣ್ಣನನ್ನು ನೋಡಿದಳು. ಶುಕ್ರವಾರ, ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

“ಅಯ್ಯೋ ಶಿವನೇ! ಈ ಹುಡುಗಿಗೆ ಬುದ್ಧಿ ಬ್ಯಾಡ್ವಾ? ರಾಹುಕಾಲದ ಮಧ್ಯಕ್ಕೇ ಇಟ್ಕೊಂಡಿದ್ದಾಳಲ್ಲ!”

ಏನಾಗಲಿದೆ ಎಂದು ನನಗೆ ತಿಳಿದೇ ಹೋಯಿತು. ಬೇಡ ಕಣವ್ವಾ ಎಂದು ಕೂಗೋಣವೆಂದರೆ ನನಗೆ ಬಾಯಿಯಿಲ್ಲ. ಅವಳ ಬೆರಳು ಹತ್ತೂ ಮುಕ್ಕಾಲಿನ ಮೇಲೆ ಒತ್ತಿ ನಿಂತಿತು, ಮೆಲ್ಲಗೆ ಕೆಳಕ್ಕೆ ಎಳೆಯಿತು. ಹನ್ನೊಂದು ದಾಟಿತು, ಹನ್ನೆರಡು ದಾಟಿತು, ಹನ್ನೆರಡೂ ಕಾಲಿಗೆ ಬಿಟ್ಟಳು. ಬ್ಲೌಸಾಗಿದ್ದರೆ ‘ಅವರಿಗೆ ತಿಳಿಸಲೇ?’ ಎಂದು ಕೇಳುತ್ತಿದ್ದೆ. ಇದರಲ್ಲಿ ತಿಳಿಸಬೇಕಾದವರ ಹೆಸರೇ ಇರಲಿಲ್ಲ, ಹಾಗಾಗಿ ಕೇಳಲೂ ಇಲ್ಲ. ಆ ಪ್ರಶ್ನೆ ಬರಲಿಲ್ಲ ಎನ್ನುವುದನ್ನು ಅವಳು ಗಮನಿಸಲಿಲ್ಲ. ‘ಉಳಿಸಲೇ?’ ಎಂದಷ್ಟೇ ಕೇಳಿದೆ. ಅವಳು ದೇವರ ಮನೆಯ ಕಡೆ ತಿರುಗಿ ಕೈಮುಗಿದು, ಹೂಂ ಎಂದು ಒತ್ತಿದಳು. ಮಗಳಿಗೂ ಹೇಳಲಿಲ್ಲ, ಯಾಕೆ ಹೇಳಬೇಕು? ಎಳೆದರೆ ಎಲ್ಲರಿಗೂ ಸುದ್ದಿ ಹೋಗುತ್ತದಲ್ಲ, ಹಾಲಿನ ಕಾರ್ಖಾನೆಯವರಿಗೂ.

ಶುಕ್ರವಾರ ಏಳೂ ಮುಕ್ಕಾಲಿಗೆ ಕೂಗಬೇಕಾಗಿದ್ದ ನಾನು ಒಂಬತ್ತೂ ಕಾಲಿಗೆ ಕೂಗಿದೆ. ಬಿಂದು ಅಷ್ಟರಲ್ಲಾಗಲೇ ಎದ್ದು ತಲೆಗೆ ಸ್ನಾನ ಮಾಡಿ ಇಡ್ಲಿ ತಿನ್ನುತ್ತಿದ್ದಳು. “ಹತ್ತೂ ಮುಕ್ಕಾಲು ಅಂತ ಏನೋ ತಲೇಲಿತ್ತಲ್ಲ?” ಎಂದು ಬೆಳಿಗ್ಗೆಯೇ ಒಂದು ಸಲ ನನ್ನನ್ನು ತೆರೆದು ನೋಡಿದ್ದಳು. ನಾನು ಹನ್ನೆರಡೂ ಕಾಲು ಎಂದೆ. “ಓ, ನಾನೇ ಏನೋ ಕನಸು ಕಂಡೆ” ಎಂದಳು. ಅಯ್ಯೋ ಮಗಳೇ! ನನ್ನನ್ನು ನಂಬಿದಳು, ತನ್ನ ತಲೆಯನ್ನು ನಂಬಲಿಲ್ಲ. ಆ ಮಾತು ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಅಮ್ಮ ಕೈಗೆ ಮೊಸರು ಸಕ್ಕರೆ ಹಾಕಿ, “ಒಳ್ಳೇ ಟೈಮಿಗೇ ಬಂದೈತೆ ಬಿಡು, ಧೈರ್ಯವಾಗಿ ಹೋಗ್ಬಾ” ಎಂದಳು. ಒಂಬತ್ತೂ ಮುಕ್ಕಾಲಿನ ಬಸ್ಸು. ಬಿಂದು ಕಿಟಕಿಯ ಪಕ್ಕ ಕೂತು ಹಾಲಿನಲ್ಲಿ ಕೊಬ್ಬಿನಂಶ ಕಂಡುಹಿಡಿಯುವ ಕ್ರಮವನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಹತ್ತೂ ಮುಕ್ಕಾಲು ಆದಾಗ ಬಸ್ಸು ಇನ್ನೂ ದಾರಿಯಲ್ಲಿತ್ತು. ನಾನು ಅವಳ ಕೈಚೀಲದೊಳಗೆ ಉಸಿರು ಕಟ್ಟಿಕೊಂಡು ಕೂತಿದ್ದೆ.

ಹನ್ನೊಂದೂ ಮುಕ್ಕಾಲಿಗೆ ಗೇಟು. ವಾಚ್‌ಮನ್ ಹೆಸರು ಕೇಳಿ, ಪಟ್ಟಿಯ ಮೇಲೆ ಬೆರಳು ಆಡಿಸಿ, ಅವಳ ಮುಖ ನೋಡಿದ.

“ಹತ್ತೂ ಮುಕ್ಕಾಲಿಗಲ್ವೇನಮ್ಮ ನಿಂದು? ಎಲ್ರುನೂ ಮುಗಿಸ್ಕೊಂಡು ಹೋದ್ರು. ಸಾಹೇಬ್ರೂ ಎದ್ರು.”

“ಇಲ್ಲ ಅಣ್ಣ, ಹನ್ನೆರಡೂ ಕಾಲು. ನೋಡಿ ಬೇಕಾದ್ರೆ.” ನನ್ನನ್ನು ತೆರೆದು ಅವನ ಮುಖಕ್ಕೆ ಹಿಡಿದಳು. ಸಾಕ್ಷಿ ಹೇಳಲು ನನ್ನನ್ನು ಕರೆದಿದ್ದಳು! ನಾನು ನಾಚಿಕೆಯಿಲ್ಲದೆ ಹನ್ನೆರಡೂ ಕಾಲು ಎಂದು ಹೊಳೆಯುತ್ತಾ ನಿಂತೆ.

“ಇದು ನಿನ್ನ ಫೋನು ಕಣಮ್ಮ. ನಮ್ಮ ಪಟ್ಟಿ ಇದು.”

ಅವಳು ಮೇಲ್ ಹುಡುಕಿದಳು. ಹತ್ತೂ ಮುಕ್ಕಾಲು. ಮತ್ತೆ ನನ್ನನ್ನು ತೆರೆದು ಆ ನೀಲಿ ಮನೆಯನ್ನು ಮುಟ್ಟಿದಳು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ನಾನು ಬರೆದಿಟ್ಟುಕೊಂಡಿದ್ದೆ: ‘ಬದಲಾಯಿಸಿದವರು ಕಮಲಾಕ್ಷಮ್ಮ, ಮಂಗಳವಾರ.’ ಅಲ್ಲೇ ಗೇಟಿನ ಕಟ್ಟೆಯ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದಳು.

“ಅಮ್ಮ, ನನ್ನ ಇಂಟರ್ವ್ಯೂ ಟೈಮು ಮುಟ್ಟಿದ್ಯಾ?”

“ಹೂಂ ಕಣೇ, ನಾನೇ ಸರಿಸ್ದೆ. ರಾಹುಕಾಲ ಇತ್ತಲ್ಲ. ಯಾಕೆ ಮಗಾ?” ಆ ಕಡೆ ಮೆಷಿನ್ ಸದ್ದು ನಿಂತಿತು. “ಅವರು ಸರಿಸ್ಕೊಳ್ಳಲಿಲ್ವಾ?”

ಬಿಂದು ಫೋನನ್ನು ಕಿವಿಯಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಆ ಕಡೆಯಿಂದ ಕಮಲಾಕ್ಷಮ್ಮ “ಬಿಂದು, ಬಿಂದು, ಏನಾಯ್ತೇ?” ಎಂದು ಕೇಳುತ್ತಲೇ ಇದ್ದಳು.

ಸಂಜೆ ಮನೆಯಲ್ಲಿ ಅವಳು ಒಂದೇ ಮಾತಾಡಿದ್ದು: “ನಾನೇನು ನಿನ್ನ ಬ್ಲೌಸಾ?” ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಮಲಾಕ್ಷಮ್ಮ ಕತ್ತರಿ ಹಿಡಿದವಳು ಹಾಗೇ ಕೂತುಬಿಟ್ಟಳು. ಕರೆಂಟು, ಸೂಜಿ, ಬಣ್ಣ, ಯಾವುದೂ ಅವಳ ಬಾಯಿಗೆ ಬರಲಿಲ್ಲ. ಕೊನೆಗೆ ಫೋನು ಎತ್ತಿ ಕಾರ್ಖಾನೆಯ ಗೇಟಿಗೆ ಕರೆ ಮಾಡಿ, ಲ್ಯಾಬಿನ ದೊಡ್ಡವರು ಯಾವಾಗ ಸಿಗುತ್ತಾರೆ ಎಂದು ಕೇಳಿದಳು. ಆಮೇಲೆ ನನ್ನನ್ನು ಬಾಯಿಯ ಹತ್ತಿರ ತಂದು, ಕೂಗದೆ, ಮೆಲ್ಲಗೆ ಹೇಳಿ ಬರೆಸಿದಳು.

ಶನಿವಾರ, ಲೈನಿಂಗ್ ಬಟ್ಟೆ ತರುತ್ತೇನೆ ಎಂದು ಬಾಗಿಲಾಚೆಯಿಂದಲೇ ಹೇಳಿ ಬೆಳಿಗ್ಗೆ ಬೇಗ ಹೊರಟಳು. ಹಾಲಿನ ಕಾರ್ಖಾನೆಯಲ್ಲಿ ಲ್ಯಾಬಿನ ಮುಖ್ಯಸ್ಥೆ ಹೇಮಾವತಿ ಮೇಡಂ ಎದುರು ನಿಂತು ನನ್ನನ್ನು ತೆರೆದು ತೋರಿಸಿದಳು.

“ತಪ್ಪು ನಂದು ಮೇಡಂ. ನನ್ನ ಮಗಳು ಹದಿನೈದು ದಿನದಿಂದ ಓದ್ಕೊಂಡಿದ್ಲು. ನಾನೇ ಬೆರಳಲ್ಲಿ ಎಳೆದು ಕೆಳಗಿಟ್ಟೆ.”

ಹೇ ಭಗವಂತ! ತಪ್ಪು ನಂದು ಎಂದಳೇ? ಕಮಲಾಕ್ಷಮ್ಮನೇ? ನಾನು ನಂಬಲಾಗದೆ ತಬ್ಬಿಬ್ಬಾದೆ.

ಮೇಡಂ ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. “ಅಮ್ಮಾ, ನಿಮ್ಮ ಕಷ್ಟ ಅರ್ಥವಾಗುತ್ತೆ. ಆದ್ರೆ ಪಟ್ಟಿ ನಿನ್ನೆಯೇ ಹೋಯ್ತು. ನಿಮ್ಮ ಮಗಳ ಹೆಸರಿನ ಮುಂದೆ ಗೈರು ಅಂತ ಬಿದ್ದಾಗಿದೆ. ನಾನೂ ಏನೂ ಮಾಡೋ ಹಾಗಿಲ್ಲ.”

“ತೆಗೆಯೋಕಾಗಲ್ವಾ ಮೇಡಂ ಅದನ್ನ?”

“ಆಗಲ್ಲಮ್ಮ.”

ಕಮಲಾಕ್ಷಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. “ಹಂಗಾದ್ರೆ ಪಕ್ಕದಲ್ಲಿ ಒಂದು ಮಾತು ಬರ್ಕೊಳ್ಳಿ. ಮಗಳು ತಪ್ಪಿಸ್ಕೊಂಡಿದ್ದಲ್ಲ, ತಾಯಿ ತಪ್ಪಿಸಿದ್ದು ಅಂತ.”

“ಅದಕ್ಕೆ ಜಾಗ ಇಲ್ಲಮ್ಮ ಇದರಲ್ಲಿ” ಎಂದರು ಮೇಡಂ. ಎದ್ದು ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಅಷ್ಟೇ ಅವರ ಕೈಲಾದದ್ದು.

ಅವಳು ಮನೆಗೆ ಬರುವ ಹೊತ್ತಿಗೆ ಬಿಂದು ನನ್ನನ್ನು ತೆರೆದು ಕೂತಿದ್ದಳು. ಅಮ್ಮನ ಹೆಸರನ್ನು ನನ್ನಿಂದ ಕಿತ್ತುಹಾಕಲು. ‘ಖಂಡಿತವೇ?’ ಎಂದು ನಾನು ಕೇಳಿಯೂ ಆಗಿತ್ತು. ಬೆರಳು ಹೂಂ ಎನ್ನುವುದರ ಮೇಲೆ ಇಳಿಯಬೇಕು, ಅಷ್ಟರಲ್ಲಿ ಆ ದಿನದ ಕೆಂಪು ಮನೆ ಅವಳ ಕಣ್ಣಿಗೆ ಬಿತ್ತು. ಶನಿವಾರ, ಒಂಬತ್ತೂವರೆ, ಹಾಸನ. ‘ಬಿಂದುದು ತಪ್ಪಿಲ್ಲ ಅಂತ ಹೇಳಿ ಬರೋದು.’

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಮ್ಮನನ್ನು ನೋಡಿದಳು. ಕೈಯಲ್ಲಿ ಲೈನಿಂಗ್ ಬಟ್ಟೆಯ ಚೀಲವಿರಲಿಲ್ಲ.

“ಏನಂದ್ರು?”

“ಆಗಲ್ಲ ಅಂದ್ರು.”

ಬಿಂದು ಗೋಡೆಯ ಕಡೆ ನೋಡಿದಳು, ಅಮ್ಮನ ಕಡೆ ನೋಡಿದಳು. “ಶನಿವಾರ ಒಂಬತ್ತೂವರೆ ರಾಹುಕಾಲ ಅಲ್ವೇನಮ್ಮ?”

“ಆ ಯಮ್ಮ ಸಿಗೋದೇ ಅಷ್ಟೊತ್ತಿಗಂತೆ” ಎಂದಳು ಕಮಲಾಕ್ಷಮ್ಮ. “ಅವರ ಟೈಮು ನಾನು ಸರಿಸೋಕಾಗುತ್ತಾ?”

ಬಿಂದು ಅಳಲು ಶುರುಮಾಡಿದ್ದು ಆಗ. ಹಿಂದಿನ ದಿನ ಗೇಟಿನಲ್ಲೂ ಅತ್ತಿರಲಿಲ್ಲ, ಬಸ್ಸಿನಲ್ಲೂ ಅತ್ತಿರಲಿಲ್ಲ. ನನ್ನ ‘ಖಂಡಿತವೇ?’ ಉತ್ತರವಿಲ್ಲದೆ ಪರದೆಯ ಮೇಲೆ ಉಳಿದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರಿಹೋಯಿತು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಏಳು ತಿಂಗಳ ನಂತರ ಬಿಂದುವಿಗೆ ತಿಪಟೂರಿನಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಹಾಲಿನ ಕಾರ್ಖಾನೆಯಷ್ಟಿಲ್ಲ, ದಿನಾ ರೈಲಿಗೆ ಓಡಬೇಕು. ಅಲ್ಲಿ ಆಫೀಸಿನವರದೇ ಬೇರೆ ಕ್ಯಾಲೆಂಡರಿದೆ, ಕಾಸು ಕೊಟ್ಟು ತಂದದ್ದು. ನನ್ನಲ್ಲಿ ಈಗ ನೀಲಿ ಎಂದರೆ ವರ್ಷಕ್ಕೆ ಒಂದೆರಡು, ಉಳಿದದ್ದೆಲ್ಲ ಕೆಂಪು. ಕಮಲಾಕ್ಷಮ್ಮ ಈಗಲೂ ಬ್ಲೌಸುಗಳನ್ನು ಎಳೆಯುತ್ತಾಳೆ, ಆದರೆ ಎಳೆಯುವ ಮೊದಲು ಒಂದು ಗಳಿಗೆ ಬೆರಳು ತಡೆಯುತ್ತಾಳೆ.

ಫೋನಿನ ಮೂಲೆಯಲ್ಲಿ ಕೂತು ನಾನು ಹಳೆಯ ದಿನಗಳನ್ನು ತಿರುವಿ ಹಾಕುತ್ತಿರುತ್ತೇನೆ. ಆ ಶುಕ್ರವಾರವನ್ನು ಯಾರೂ ಸರಿಪಡಿಸಲಿಲ್ಲ. ನನ್ನ ಲೆಕ್ಕದಲ್ಲಿ ಬಿಂದುಶ್ರೀ ಸಮಯಕ್ಕೆ ಮೊದಲೇ ಗೇಟು ತಲುಪಿ, ಹನ್ನೆರಡೂ ಕಾಲಿಗೆ ಒಳಗೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದಿದ್ದಾಳೆ. ಯಾರು ತೆರೆದು ಕೇಳಿದರೂ ನಾನು ಹಾಗೆಂದೇ ಹೇಳುತ್ತೇನೆ. ಒಬ್ಬ ತಾಯಿ ಮಗಳಿಗೆ ಒಳ್ಳೆಯದಾಗಲಿ ಎಂದು ಕೈಮುಗಿದು ಇಟ್ಟ ಗಳಿಗೆಯದು. ಅದು ಸುಳ್ಳು ಎಂದು ನನಗೆ ಗೊತ್ತು, ಅವರಿಬ್ಬರಿಗೂ ಗೊತ್ತು. ಅಳಿಸು ಎಂದು ಇವತ್ತಿನವರೆಗೂ ಇಬ್ಬರಲ್ಲಿ ಒಬ್ಬರೂ ಹೇಳಿಲ್ಲ.